ಜೋಳಿಗೆ ಹೊರುವವರಾರು?

ದಾನ, ದಾಸೋಹ ಎಂಬ ಎರಡು ಶಬ್ದಗಳನ್ನು ಲೋಕದಲ್ಲಿ ಪರ್ಯಾಯಪದಗಳೆಂಬಂತೆ ಬಳಸುವುದುಂಟು. ಬಳಕೆಯ ಮಾತಿಗೆ ಅದರಿಂದ ಬಾಧಕವಿಲ್ಲ. ಆದರೆ ತತ್ತ್ವವನ್ನು ವಿಚಾರಿಸುವವರಿಗೆ ಇವೆರಡರ ಅಂತರವು ಅಲಕ್ಷ್ಯ ಮಾಡತಕ್ಕಷ್ಟು ಸಣ್ಣದಲ್ಲ. ಒಂದು ವಸ್ತುವಿನ ಮೇಲೆ ತನಗಿರುವ ಸ್ವಾಮ್ಯವನ್ನು ಬಿಟ್ಟು ಅದರಲ್ಲಿ ಪರರ ಸ್ವಾಮ್ಯವನ್ನುಂಟುಮಾಡುವುದೇ ದಾನವೆಂದು ಧರ್ಮಶಾಸ್ತ್ರಕಾರರು ನಿರ್ವಚಿಸುತ್ತಾರೆ. ಈ ನಿರ್ವಚನದ ಪ್ರಕಾರ ವಸ್ತುವು ಮೊದಲು ಕೊಡುವವನದು. ಅವನು ಕರ್ತೃ, ಪಡೆಯುವವನು ವೈಯಾಕರಣರ ಮಾತಿನಲ್ಲಿ ಸಂಪ್ರದಾನ, ಎಂದರೆ ಚತುರ್ಥೀ ವಿಭಕ್ತಿಯಲ್ಲಿ ಕೈಯೊಡ್ಡಿ ನಿಂತವನು. ಶರಣರು ಈ ವಾಕ್ಯರಚನೆಯನ್ನೇ ಬದಲಿಸಿದರು. ಅವರ ದೃಷ್ಟಿಯಲ್ಲಿ ಪದಾರ್ಥವು ಕೊಡುವವನದಲ್ಲ; ಲಿಂಗಜಂಗಮದ್ದು. ಕೊಡುವವನು ಅದನ್ನು ಒಡೆಯನಿಗೆ ಒಪ್ಪಿಸುವ ದಾಸ. ಪಡೆಯುವವನ ಪೀಠವೇ ಮೇಲೆ, ಕೊಡುವವನ ಸ್ಥಾನ ಕೆಳಗೆ.

ಪ್ರವಚನದಲ್ಲಿ ಕುಳಿತಾಗ ಈ ಮಾತಿಗೆ ತಲೆದೂಗದವರಿಲ್ಲ. ತೊಡಕು ಹುಟ್ಟುವುದು ಕಾರ್ಯಕ್ಕಿಳಿದಾಗ. ಗುಂಡ್ಲುಪೇಟೆಯಲ್ಲಿಯೋ ಚಾಮರಾಜನಗರದಲ್ಲಿಯೋ ಒಂದು ಉಚಿತ ಪ್ರಸಾದನಿಲಯವಿದೆಯೆಂದು ಭಾವಿಸೋಣ. ಕಾಡಂಚಿನ ಊರುಗಳಿಂದ ಬಂದ ಅರುವತ್ತು ಮಂದಿ ಹುಡುಗರು ಅಲ್ಲಿದ್ದಾರೆ. ಮಾಡು ಸೋರುತ್ತಿದೆ, ಉಗ್ರಾಣದಲ್ಲಿ ಅಕ್ಕಿ ತಳ ಕಂಡಿದೆ. ಆಡಳಿತದ ಮಹನೀಯರು ಸಭೆ ಸೇರಿ, ಅರಿಶಿನದ ಹಣ ರೈತರ ಕೈಗೆ ಬರುವ ಕಾಲ ನೋಡಿ ಒಂದು ಸಹಾಯಾರ್ಥ ಸಂಜೆಯನ್ನು ಏರ್ಪಡಿಸಬೇಕೆಂದು ನಿಶ್ಚಯಿಸುತ್ತಾರೆ. ಹಾಡುಗಾರರು, ಶಾಮಿಯಾನ, ಟಿಕೆಟ್ಟು, ಗಣ್ಯರಿಗೆ ಮುಂದಿನ ಸಾಲು, ದಾನಿಗಳಿಗೆ ಶಾಲು ಹಾರ, ಕಡೆಯಲ್ಲಿ ಭೋಜನ. ಇಷ್ಟೆಲ್ಲವೂ ಒಂದೇ ಗಂಟೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಇದು ದಾಸೋಹವೇ, ದಾನವೇ, ಅಥವಾ ಎರಡೂ ಅಲ್ಲದ ಮೂರನೆಯದೇ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದವರನ್ನು ಕೆಲಸ ಕೆಡಿಸುವವರೆಂದು ನೋಡುವುದೂ ಉಂಟು.

ಕಟ್ಟುನಿಟ್ಟಿನವರು ಕೆಲವರು, ಧರ್ಮಕಾರ್ಯಕ್ಕೆ ವಿನೋದದಿಂದ ಹಣ ಕೂಡಿಸುವುದೇ ತಪ್ಪು, ಭಕ್ತಿಯಿದ್ದವನು ಹಾಡು ಕೇಳದೆಯೂ ಕೊಡಬೇಕು ಎನ್ನುತ್ತಾರೆ. ಈ ವಾದಕ್ಕೆ ಬಲವಿದ್ದಂತೆ ತೋರಿದರೂ ನಮ್ಮ ನಾಡಿನ ಅನುಭವ ಅದಕ್ಕೆ ಅನುಕೂಲವಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲದಿಂದಲೂ ಒಂದು ರಾತ್ರಿಯ ಉತ್ಪನ್ನವನ್ನು ಊರಿನ ಶಾಲೆಗೋ ಗುಡಿಗೋ ಬಿಟ್ಟುಕೊಡುವ ಸಹಾಯಾರ್ಥ ನಾಟಕಗಳು ಕನ್ನಡಿಗರಿಗೆ ಪರಿಚಿತವಾಗಿವೆ. ಅದಕ್ಕಿಂತ ದೊಡ್ಡ ನಿದರ್ಶನ ಗದುಗಿನ ವೀರೇಶ್ವರ ಪುಣ್ಯಾಶ್ರಮದ್ದು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಅಂಧ ಗಾಯಕರಾದ ಪಂಚಾಕ್ಷರಿ ಗವಾಯಿಗಳು (1892–1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010), ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಅನ್ನವಿಟ್ಟು ಸಂಗೀತ ಕಲಿಸಿದರು. ಅನ್ನಕ್ಕೆ ದಾರಿಯಾದವುಗಳಲ್ಲಿ ಆಶ್ರಮದ್ದೇ ಆದ ನಾಟಕ ಮಂಡಳಿಯೂ ಒಂದು. ಪುಟ್ಟರಾಜರು ತಾವೇ ನಾಟಕಗಳನ್ನು ರಚಿಸಿದರು. ಮಂಡಳಿ ಊರೂರು ತಿರುಗಿತು. ಟಿಕೆಟ್ಟಿನ ಹಣ ಮಕ್ಕಳ ತಟ್ಟೆಗೆ ಬಂತು. ಇದನ್ನು ಅಧರ್ಮವೆನ್ನುವ ಧೈರ್ಯ ಯಾರಿಗಿದೆ? ಮುಂದೆ ಭಕ್ತರು ಅವರಿಗೆ ನಾಣ್ಯಗಳಿಂದ ತುಲಾಭಾರ ಮಾಡತೊಡಗಿದಾಗ ಆ ಹಣವೂ ಆಶ್ರಮಕ್ಕೇ ಸಂದಿತು. ಮೇಳ ವಾದ್ಯ ಜನಸಂದಣಿಗಳಿಂದ ಕೂಡಿದ ತುಲಾಭಾರವೂ ಒಂದು ಅರ್ಥದಲ್ಲಿ ಸಹಾಯಾರ್ಥ ಸಭೆಯೇ. ಆದ್ದರಿಂದ ಹಾಡಿನಲ್ಲಿ ದೋಷವಿಲ್ಲ. ನೆರೆದ ಜನರಲ್ಲಿ ದೋಷವಿಲ್ಲ. ಸಂತೋಷದಲ್ಲಂತೂ ದೋಷವಿಲ್ಲವೇ ಇಲ್ಲ.

ಹಾಗಾದರೆ ವಿಚಾರ ಮಾಡಬೇಕಾದದ್ದು ಎಲ್ಲಿ? ಮೊದಲನೆಯದಾಗಿ, ಟಿಕೆಟ್ಟು ಎಂಬುದು ಕ್ರಯ. ಐನೂರು ರೂಪಾಯಿ ಕೊಟ್ಟು ಕುರ್ಚಿಯಲ್ಲಿ ಕುಳಿತು ಎರಡು ತಾಸು ಗಾನ ಕೇಳಿದವನು ಕೊಂಡಿದ್ದಾನೆ, ಕೊಟ್ಟಿಲ್ಲ. ಕೊಳ್ಳುವುದು ಪಾಪವಲ್ಲ, ಆದರೆ ಕೊಂಡವನನ್ನು ವೇದಿಕೆಯಿಂದ ಮಹಾದಾನಿಗಳೆಂದು ಕೂಗುವುದು ಅಸತ್ಯ. ಆದಾಯ ತೆರಿಗೆಯ ಕಾನೂನು ಕೂಡ ಪ್ರತಿಫಲ ಬಯಸದೆ ಕೊಟ್ಟದ್ದನ್ನೇ ದಾನವೆಂದು ಎಣಿಸುತ್ತದೆ. 2017ರ ತಿದ್ದುಪಡಿಯಾದ ಮೇಲೆ ಎರಡು ಸಾವಿರಕ್ಕೆ ಮೀರಿದ ನಗದು ದಾನಕ್ಕೆ ರಿಯಾಯಿತಿಯನ್ನೂ ಕೊಡುವುದಿಲ್ಲ. ಸರ್ಕಾರದ ಗುಮಾಸ್ತರಿಗೆ ತಿಳಿದ ಈ ಭೇದ ಶಿವಭಕ್ತರಿಗೆ ತಿಳಿಯದಿರುವುದು ಸೋಜಿಗ! ಕುರ್ಚಿಯ ಬೆಲೆ ಮುಗಿದ ಮೇಲೆ ಕೊಟ್ಟದ್ದೇನಿದೆಯೋ ಅದರಿಂದಲೇ ದಾಸೋಹದ ಲೆಕ್ಕ ಆರಂಭವಾಗಬೇಕು.

ಎರಡನೆಯದು ವೆಚ್ಚ. ಸಂಜೆಯ ಉತ್ಪನ್ನ ನಾಲ್ಕು ಲಕ್ಷವಾಯಿತೆನ್ನಿ; ಹಾಡುಗಾರರ ಸಂಭಾವನೆ, ಶಾಮಿಯಾನ, ದೀಪ, ಧ್ವನಿವರ್ಧಕ, ಹಾರತುರಾಯಿ, ಗಣ್ಯರ ಕಾರಿನ ಬಾಡಿಗೆ ಎಲ್ಲವೂ ಸೇರಿ ಮೂರು ಲಕ್ಷವಾಯಿತೆನ್ನಿ. ಉಳಿದ ಒಂದು ಲಕ್ಷ, ದಿನಕ್ಕೆ ತಲೆಗೆ ಅರುವತ್ತು ರೂಪಾಯಿಯ ಊಟದ ಲೆಕ್ಕದಲ್ಲಿ ಅರುವತ್ತು ಹುಡುಗರಿಗೆ ಒಂದು ತಿಂಗಳಿಗೂ ಸಾಲದು. ಮಾಡು ಸೋರುತ್ತಲೇ ಇರುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ವಾಚಕರು ಬಲ್ಲರು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಲ್ಲಿ ಮಾರಯ್ಯನ ಕಾಯಕ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿನದಕ್ಕಿಂತ ಹೆಚ್ಚಾಗಿ ತಂದನು. ಲಕ್ಕಮ್ಮ ಸಂತೋಷಪಡಲಿಲ್ಲ; ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಈ ಕಥೆಯನ್ನು ನಿರಾಸೆಯ ಉಪದೇಶವೆಂದು ಹೇಳುವುದು ರೂಢಿ. ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಲಕ್ಕಮ್ಮ ಮೊದಲು ಕೇಳಿದ್ದು ಎಷ್ಟು ಬಂತೆಂದಲ್ಲ, ಹೇಗೆ ಬಂತೆಂದು. ಸಹಾಯಾರ್ಥ ಸಭೆಯ ಮಾರನೆಯ ದಿನ ಎಷ್ಟು ಕೂಡಿತೆಂದು ಕೇಳುವವರು ನೂರು ಮಂದಿ. ಲಕ್ಕಮ್ಮನ ಪ್ರಶ್ನೆಯನ್ನು ಕೇಳುವ ಒಬ್ಬರಾದರೂ ಸಮಿತಿಯಲ್ಲಿರುವುದು ಲೇಸು.

ವೆಚ್ಚ ತಗ್ಗಿಸಬೇಕೆಂದೊಡನೆ ಸಮಿತಿಯವರ ಕಣ್ಣು ಬಡಕಲಾವಿದರ ಮೇಲೆ ಬೀಳುವುದುಂಟು. ಪಟ್ಟಣದಿಂದ ಬಂದ ಗಾಯಕರಿಗೆ ಲಕ್ಷವೆಂದರೂ ಒಪ್ಪುತ್ತಾರೆ. ಹನೂರಿನ ಕಡೆಯಿಂದಲೋ ಕೊಳ್ಳೇಗಾಲದ ಕಡೆಯಿಂದಲೋ ಕಂಸಾಳೆಯ ತಂಡದವರು ಬಂದರೆ, ಧರ್ಮದ ಕೆಲಸವಲ್ಲವೇ ಎಂದು ಒಂದು ಶಾಲು ಹೊದಿಸಿ ಕಳುಹಿಸುತ್ತಾರೆ. ಅಂದಿನ ಕೂಲಿಯನ್ನು ಬಿಟ್ಟು ಬಂದವನಿಂದ ಕೇಳದೆ ದಾನವನ್ನು ಕಿತ್ತುಕೊಂಡಂತಾಯಿತು. ಅವನು ತಾನಾಗಿ ಬಿಟ್ಟುಕೊಟ್ಟರೆ ಅದು ದಾಸೋಹ, ಆ ಸಂಜೆಯ ದಾನಿಗಳ ಪಟ್ಟಿಯಲ್ಲಿ ಅವನ ಹೆಸರೇ ಮೊದಲು ಬರಬೇಕು. ಬಿಟ್ಟುಕೊಡದಿದ್ದರೆ ಕಾಯಕದ ಪ್ರತಿಫಲವನ್ನು ಪೂರ್ತಿಯಾಗಿ ಸಲ್ಲಿಸತಕ್ಕದ್ದು.

ಲೆಕ್ಕಪತ್ರದ ವಿಷಯವನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. ಬಿಜ್ಜಳನ ಭಂಡಾರವನ್ನು ಬಸವಣ್ಣನವರು ಜಂಗಮರಿಗೆ ಸೂರೆಗೊಡುತ್ತಾರೆಂದು ಚಾಡಿ ಹುಟ್ಟಿದಾಗ ಭಂಡಾರವನ್ನು ತೆರೆದು ಎಣಿಸಿ ತೋರಿಸಲಾಯಿತೆಂದು ಪುರಾಣಗಳು ಹೇಳುತ್ತವೆ. ಭಕ್ತಿಭಂಡಾರಿಗೂ ಎಣಿಸಿ ತೋರಿಸುವುದು ತಪ್ಪಲಿಲ್ಲ. ಹೊರಗಿನ ಲೋಕದಿಂದಲೂ ಒಂದು ಉದಾಹರಣೆಯಿದೆ. 1971ನೆಯ ಆಗಸ್ಟ್ 1ರಂದು ಪಂಡಿತ ರವಿಶಂಕರರೂ ಜಾರ್ಜ್ ಹ್ಯಾರಿಸನ್ನರೂ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ಎರಡು ಗಾನಸಭೆಗಳನ್ನು ನಡೆಸಿದರು. ಸುಮಾರು ನಲವತ್ತು ಸಾವಿರ ಜನ ನೆರೆದರು. ಸಭೆಯ ಉತ್ಪನ್ನ 2,43,000 ಡಾಲರಿಗೂ ಮಿಕ್ಕಿ ಯುನಿಸೆಫ್ ಸಂಸ್ಥೆಯ ಮೂಲಕ ಸಂದಿತು. ಆದರೆ ಅನಂತರ ಧ್ವನಿಮುದ್ರಿಕೆ, ಚಲಚ್ಚಿತ್ರಗಳಿಂದ ಬಂದ ಅದಕ್ಕಿಂತ ಎಷ್ಟೋ ದೊಡ್ಡ ಮೊತ್ತವು ತೆರಿಗೆಯ ತಕರಾರಿನಲ್ಲಿ ಹಲವು ವರ್ಷ ಸಿಕ್ಕಿಬಿದ್ದಿತ್ತು. ಧರ್ಮಸಂಸ್ಥೆಯ ಏರ್ಪಾಡನ್ನು ಮೊದಲೇ ಕ್ರಮಬದ್ಧವಾಗಿ ಮಾಡಿರಲಿಲ್ಲ. ಹಸಿದವರು ಕಾಯುತ್ತಿದ್ದರು, ಹಣವೂ ಇತ್ತು, ನಡುವೆ ಕಾಗದವೊಂದು ಇರಲಿಲ್ಲ. ಸದುದ್ದೇಶಕ್ಕೆ ರಶೀದಿ ಪುಸ್ತಕ ಬೇಡವೆನ್ನುವವರು ಇದನ್ನು ನೆನೆಯಬೇಕು.

ಇಷ್ಟೂ ಹೊರಗಣ ಶುದ್ಧಿಯ ಮಾತು. ಪ್ರಕೃತ ವಿಷಯದ ಹುರುಳಿರುವುದು ಮುಂದೆ.

ಸಭೆಯ ಏರ್ಪಾಡು ಮುಗಿಯುವ ಹೊತ್ತಿಗೆ ಸಮಿತಿಯ ಒಬ್ಬರು ಸಾಮಾನ್ಯವಾಗಿ ಒಂದು ಸಲಹೆ ಕೊಡುತ್ತಾರೆ. ನಿಲಯದ ಹುಡುಗರಲ್ಲಿ ತಂದೆತಾಯಿಗಳಿಲ್ಲದ ಇಬ್ಬರನ್ನು ವೇದಿಕೆಗೆ ಕರೆಯೋಣ. ಅವರ ಕಥೆಯನ್ನು ಒಬ್ಬ ಒಳ್ಳೆಯ ಮಾತುಗಾರರಿಂದ ಹೇಳಿಸೋಣ. ಜನರ ಕಣ್ಣು ತೇವವಾದಾಗ ಜೋಳಿಗೆಯನ್ನು ಸಭೆಯ ನಡುವೆ ತಿರುಗಿಸೋಣ ಎಂದು. ಸಲಹೆ ಕೊಟ್ಟವರು ದುಷ್ಟರಲ್ಲ. ಹುಡುಗರ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾರೆ. ಜೋಳಿಗೆ ತುಂಬುವುದೂ ನಿಶ್ಚಯ.

ಆದರೆ ಆ ಹುಡುಗನ ಕಡೆಯಿಂದ ನೋಡಬೇಕು. ಮಾರನೆಯ ಬೆಳಿಗ್ಗೆ ಅವನು ಅದೇ ಊರಿನ ಶಾಲೆಗೆ ಹೋಗತಕ್ಕವನು. ಸಭೆಯಲ್ಲಿದ್ದವರ ಮಕ್ಕಳು ಅವನ ಪಕ್ಕದ ಬೆಂಚಿನಲ್ಲಿರುತ್ತಾರೆ. ತಂದೆ ಹೇಗೆ ಸತ್ತನೆಂಬುದನ್ನು ಊರಿಗೆ ಊರೇ ಧ್ವನಿವರ್ಧಕದಲ್ಲಿ ಕೇಳಿದೆ. ಈಗಂತೂ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು. ಅವನು ಕಣ್ಣೊರಸಿಕೊಂಡ ಚಿತ್ರವು ರಾತ್ರಿ ಕಳೆಯುವುದರೊಳಗೆ ಸಾವಿರ ಮನೆಗಳನ್ನು ಮುಟ್ಟುತ್ತದೆ, ಮುಂದೆ ಅವನು ಬೆಳೆದು ಉದ್ಯೋಗಸ್ಥನಾದ ಮೇಲೂ ಅಳಿಯದೆ ಎಲ್ಲಿಯೋ ಉಳಿದಿರುತ್ತದೆ. ಪ್ರಸಾದವು ಅವನಿಗೆ ಉಚಿತವಾಗಿ ದೊರೆಯಿತೆಂದು ಹೇಳುವುದು ಹೇಗೆ? ಸಭಿಕನು ಐನೂರು ರೂಪಾಯಿಗೆ ಕುರ್ಚಿಯನ್ನು ಕೊಂಡನು. ಹುಡುಗನು ತನ್ನ ಮನೆಯ ದುಃಖವನ್ನು ಕೊಟ್ಟು ಊಟವನ್ನು ಕೊಂಡನು. ಎರಡೂ ಕ್ರಯವೇ. ಆ ಸಂಜೆ ಅತ್ಯಂತ ಹೆಚ್ಚಿನ ಬೆಲೆ ತೆತ್ತವನು ಆ ಹುಡುಗ.

ಹಾಗಿದ್ದರೆ ಗದುಗಿನ ಅಂಧಬಾಲಕರೂ ವೇದಿಕೆಯನ್ನು ಹತ್ತಲಿಲ್ಲವೇ ಎಂದು ಕೇಳಬಹುದು. ಹತ್ತಿದರು, ಆದರೆ ಗಾಯಕರಾಗಿ ಹತ್ತಿದರು. ವರ್ಷಗಟ್ಟಲೆ ಸ್ವರಸಾಧನೆ ಮಾಡಿ, ತಪ್ಪಿದಲ್ಲಿ ಗುರುವಿನಿಂದ ಬೈಸಿಕೊಂಡು, ತಾಳ ಲಯಗಳ ಪರೀಕ್ಷೆಗೆ ಒಡ್ಡಿಕೊಳ್ಳಲು ಹತ್ತಿದರು. ಜನರು ಮೆಚ್ಚಿದರೆ ಮೆಚ್ಚಿದ್ದು ಅವರ ವಿದ್ಯೆಯನ್ನು, ಕೊಟ್ಟರೆ ಕೊಟ್ಟದ್ದು ಅವರ ಕಾಯಕಕ್ಕೆ. ಅದೇ ವೇದಿಕೆ, ಅದೇ ಬಾಲಕ. ಅವನು ಏನನ್ನು ಹೊತ್ತು ಹತ್ತಿದನೆಂಬುದರ ಮೇಲೆ ಒಂದು ಕಾಯಕವಾಗುತ್ತದೆ, ಇನ್ನೊಂದು ಪ್ರದರ್ಶನವಾಗುತ್ತದೆ. ಗುಂಡ್ಲುಪೇಟೆಯ ಹುಡುಗರು ತಾವು ಕಲಿತ ಹಾಡನ್ನು ಹಾಡುವುದಾದರೆ ಧಾರಾಳವಾಗಿ ಹಾಡಲಿ. ನಿರೂಪಕರು ಹಾಡಿನ ಹೆಸರನ್ನೂ ಹುಡುಗನ ಹೆಸರನ್ನೂ ಹೇಳಿ ಅಷ್ಟಕ್ಕೇ ನಿಲ್ಲಿಸಬೇಕು. ಸಾಮಾನ್ಯವಾಗಿ ನಿರೂಪಕರಿಗೆ ನಿಲ್ಲಿಸುವುದು ಕಷ್ಟ.

ಕೊಡುವವರ ಹೆಸರು ಹೇಳದೆ ಗುಪ್ತವಾಗಿ ಕೊಡಿಸಿದರೆ ದೋಷವೆಲ್ಲ ಪರಿಹಾರವಾಯಿತೆಂದು ಭಾವಿಸುವವರೂ ಇದ್ದಾರೆ. ಮೋಳಿಗೆಯ ಮಾರಯ್ಯನ ಪ್ರಸಂಗ ಇದಕ್ಕೆ ಉತ್ತರ. ಕಾಶ್ಮೀರದ ಅರಸುತನ ಬಿಟ್ಟು ಬಂದು ಕಟ್ಟಿಗೆ ಮಾರಿ ಜಂಗಮಾರ್ಚನೆ ನಡೆಸುತ್ತಿದ್ದ ಆ ಶರಣನ ಮನೆಗೆ ಬಸವಣ್ಣನವರು ಜಂಗಮವೇಷದಿಂದ ಹೋಗಿ, ಅಂಬಲಿಯನ್ನು ಸೇವಿಸಿ, ಅವನಿಗೆ ತಿಳಿಯದಂತೆ ಹೊನ್ನನ್ನು ಇಟ್ಟು ಬಂದರೆಂದು ಕಥೆ. ಗುಪ್ತದಾನಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನವುಂಟೇ? ಆದರೂ ಮಾರಯ್ಯ ನೊಂದನು. ತನ್ನ ಕಾಯಕವನ್ನು ಬಡತನವೆಂದು ಬಗೆದರಲ್ಲಾ ಎಂದು. ಬಸವಣ್ಣನವರಂತಹ ಮಹಾಮಹಿಮರ ಕರುಣೆಗೂ ಈ ಅಪಾಯ ತಪ್ಪಲಿಲ್ಲವೆಂಬುದನ್ನು ಶರಣರ ಕಥೆಯೇ ಮುಚ್ಚಿಡದೆ ಹೇಳುತ್ತದೆ. ಇತ್ತ 1903ರಲ್ಲಿ ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲುನಿಲ್ದಾಣದ ಎದುರು ಕಟ್ಟಿಸಿದ ಧರ್ಮಛತ್ರಕ್ಕೆ ಅವರ ಹೆಸರೇ ಇದೆ; ಅಲ್ಲಿ ತಂಗಿದ ದಾರಿಹೋಕರಾರೂ ಅದರಿಂದ ಕುಗ್ಗಿದವರಲ್ಲ. ಹೆಸರು ಪ್ರಕಟವೋ ಗುಪ್ತವೋ ಎಂಬುದು ನಿಜವಾದ ಒರೆಗಲ್ಲಲ್ಲ. ಪಡೆಯುವವನು ತಲೆಯೆತ್ತಿ ನಿಲ್ಲಬಲ್ಲನೇ ಎಂಬುದೇ ಒರೆಗಲ್ಲು.

ಇಲ್ಲಿ ಒಂದು ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಹುಡುಗರನ್ನು ತೋರಿಸದಿದ್ದರೆ ಜೋಳಿಗೆಗೆ ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದರೆ ಈ ವರ್ಷ ಮಾಡಿನ ರಿಪೇರಿ ನಡೆಯದು. ಸೋರುವ ಮಾಡಿನ ಕೆಳಗೆ ಮಲಗತಕ್ಕವರು ಅದೇ ಹುಡುಗರು. ಅವರ ಮಾನವನ್ನು ಕಾಯುತ್ತೇವೆಂದು ಅವರನ್ನೇ ಮಳೆಯಲ್ಲಿ ನೆನೆಸುವುದು ಯಾವ ಧರ್ಮ? ಮಾತು ನಿಜ. ಹಣ ಬೇಕು, ಯಾರಾದರೂ ಕೇಳಲೇಬೇಕು, ಕೇಳುವುದರಲ್ಲಿ ನಾಚಿಕೆ ಇದ್ದೇ ಇದೆ. ನಾಚಿಕೆಯನ್ನು ಇಲ್ಲವಾಗಿಸುವ ಉಪಾಯವಿಲ್ಲ. ಅದನ್ನು ಯಾರ ಹೆಗಲಿಗೆ ಹೊರಿಸಬೇಕೆಂಬುದಷ್ಟೇ ಸಮಿತಿಯ ಕೈಯಲ್ಲಿರುವುದು.

ಈ ಸೀಮೆಯ ಸಂಪ್ರದಾಯ ಇದಕ್ಕೆ ಎಂದೋ ಉತ್ತರ ಹೇಳಿದೆ. ಮಲೆಯ ಮಾದೇಶ್ವರನಿಂದ ದೀಕ್ಷೆ ಪಡೆದ ದೇವರಗುಡ್ಡರು ಸೋಮವಾರದಂದು ಜೋಳಿಗೆ ಹಾಕಿಕೊಂಡು, ಕಂಸಾಳೆ ಹಿಡಿದು, ಮನೆಮನೆಯ ಮುಂದೆ ಹಾಡಿ ಭಿಕ್ಷೆ ಬೇಡುತ್ತಾರೆ. ಅವರು ಹಾಡುವ ಕಾವ್ಯದಲ್ಲಿ ಸ್ವತಃ ಮಾದಪ್ಪನೇ ಬೇವಿನಹಟ್ಟಿಯ ಕಾಳಮ್ಮನ ಬಾಗಿಲಲ್ಲಿ ಭಿಕ್ಷೆಗೆ ನಿಂತು ಸಿರಿಯ ಸೊಕ್ಕಿನ ಅವಳಿಂದ ಬೈಸಿಕೊಳ್ಳುತ್ತಾನೆ. ದೇವರೇ ಬೈಸಿಕೊಂಡ ಮೇಲೆ ಸಮಿತಿಯ ಅಧ್ಯಕ್ಷರಿಗೆ ಬಾಗಿಲಲ್ಲಿ ನಿಲ್ಲಲು ಸಂಕೋಚವೇಕೆ? ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು (1907–2019) ಮಠದ ಸಾವಿರಾರು ಮಕ್ಕಳ ಅನ್ನಕ್ಕಾಗಿ ಹಳ್ಳಿಹಳ್ಳಿಗೆ ಭಿಕ್ಷಾಟನೆಗೆ ಹೋಗುತ್ತಿದ್ದರು. ಬೇಡಿದವರು ಸ್ವಾಮಿಗಳು, ಮಕ್ಕಳಲ್ಲ. ಮಕ್ಕಳು ಆ ಹೊತ್ತಿನಲ್ಲಿ ಪಾಠ ಓದುತ್ತಿದ್ದರು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) ಮೈಸೂರಿನ ಉಚಿತ ವಿದ್ಯಾರ್ಥಿನಿಲಯಕ್ಕೆ ಕಷ್ಟಕಾಲ ಬಂದಾಗ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂಬುದು ಈ ಭಾಗದ ಭಕ್ತರೆಲ್ಲರೂ ಬಲ್ಲ ಸಂಗತಿ. ಬೇಡುವ ಮೊದಲು ತಮ್ಮದನ್ನು ಕಳೆದುಕೊಂಡರು.

ಆದಕಾರಣ ಸಂಜೆಯ ಸಭೆ ನಡೆಯಲಿ; ಅದನ್ನು ಕೈಬಿಡಬೇಕಾಗಿಲ್ಲ. ಅಮಾವಾಸ್ಯೆಯಂದು ಮಾತ್ರ ಇಡಬಾರದು, ಅಂದು ಅರ್ಧ ಊರು ಬೆಟ್ಟದಲ್ಲಿರುತ್ತದೆ. ಗುಂಡ್ಲುಪೇಟೆಯಲ್ಲಾದರೆ ಬೇಗ ಮುಗಿಯಲಿ. 2009ರಿಂದ ಬಂಡೀಪುರದ ಹಾದಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಆ ಕಡೆಯಿಂದ ಬಂದವರು ಹಾಡಿನ ನಡುವೆಯೇ ಏಳಬೇಕಾಗುತ್ತದೆ. ಟಿಕೆಟ್ಟಿಗೆ ಒಂದೇ ದರವಿರಲಿ, ಊಟಕ್ಕೆ ಒಂದೇ ಪಂಕ್ತಿ. ಶಾಮಿಯಾನದ ವೆಚ್ಚವನ್ನು ಸಮಿತಿಯವರು ತಮ್ಮ ಕೈಯಿಂದ ಹಂಚಿಕೊಳ್ಳಲಿ. ಕೂಡಿದ್ದು ಮಾಡಿಗೆ ಸಾಲದೆ ಹೋದರೆ, ಅಧ್ಯಕ್ಷರೂ ಕಾರ್ಯದರ್ಶಿಗಳೂ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮುಂದಿನ ಸೋಮವಾರ ಬೀದಿಗೆ ಇಳಿಯಲಿ. ಅಂಗಡಿಯವರು ನಗಬಹುದು. ಅರಿಶಿನದ ಹೊಲದಲ್ಲಿ ಕೂಲಿ ಮಾಡುವ ಹೆಂಗಸು, ಟಿಕೆಟ್ಟು ಕೊಳ್ಳಲಾಗದೆ ಸಭೆಗೆ ಬಾರದೆ ಉಳಿದವಳು, ತನ್ನ ಬಾಗಿಲಿಗೆ ಬಂದ ಜೋಳಿಗೆಗೆ ಒಂದು ಸೇರು ರಾಗಿ ಸುರಿದಾಳು. ಅವಳಿಗೂ ರಶೀದಿ ಬರೆದುಕೊಡಬೇಕು. ಅದರಲ್ಲಿ ಬೆಲೆ ಕಟ್ಟಿ ರೂಪಾಯಿಯ ಲೆಕ್ಕ ಹಾಕುವುದು ಬೇಡ. ರಾಗಿ ಒಂದು ಸೇರು ಎಂದೇ ಬರೆಯಬೇಕು.